ಮಿಠಾಯಿ ಸಾಲಿನಲ್ಲಿ ನಿಂತಿದ್ದ ವರದಿಗಾರ

ಕೇಳುಗರೇ, ನಮಸ್ಕಾರ. ವಿದೇಶಿ ವರದಿಗಾರರಾಗಬೇಕು ಅನ್ನುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ, ಯಾವ ಕೋರ್ಸ್ ಮಾಡಬೇಕು, ಯಾವ ಕ್ಯಾಮೆರಾ ಕೊಳ್ಳಬೇಕು ಅಂತ. ದಯವಿಟ್ಟು ಅದನ್ನೆಲ್ಲ ಬದಿಗಿಡಿ. ಪೋಲೆಂಡಿನ ವರದಿಗಾರ ರಿಶಾರ್ಡ್ ಕಪುಶ್ಚಿನ್ಸ್ಕಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದನ್ನು ಓದಿ. ವರದಿಗಾರನ ಕಣ್ಣು ತಯಾರಾಗುವುದು ಬಾಲ್ಯದಲ್ಲಿ.

ಅವರು 1932ರಲ್ಲಿ ಪಿನ್ಸ್ಕ್ ಎಂಬ ಊರಲ್ಲಿ ಹುಟ್ಟಿದರು. ಆಗ ಅದು ಪೋಲೆಂಡಿನದು, ಈಗ ಬೆಲಾರುಸ್‌ನಲ್ಲಿದೆ. ಅಪ್ಪ ಅಮ್ಮ ಇಬ್ಬರೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1939ರಲ್ಲಿ ಸೋವಿಯತ್ ಸೈನ್ಯ ಊರಿಗೆ ನುಗ್ಗಿದಾಗ ಹುಡುಗನಿಗೆ ಏಳು ವರ್ಷ. ಅಂಗಡಿಗಳು ಖಾಲಿ, ಮನೆಯಲ್ಲಿ ಹಸಿವು. ಹೀಗಿರುವಾಗ ಒಂದು ದಿನ ಮಿಠಾಯಿ ಮಾರುತ್ತಾರಂತೆ ಅನ್ನುವ ಸುದ್ದಿ ಹಬ್ಬಿತು. ಮಕ್ಕಳು ಓಡಿಹೋಗಿ ಅಂಗಡಿ ಮುಂದೆ ಸಾಲು ನಿಂತರು, ಅದೂ ರಾತ್ರಿಯಿಡೀ, ಮೈ ಕೊರೆಯುವ ಚಳಿಯಲ್ಲಿ, ಒಬ್ಬರಿಗೊಬ್ಬರು ಅಂಟಿಕೊಂಡು. ಬೆಳಿಗ್ಗೆ ಬಾಗಿಲು ತೆರೆದರೆ ಮಿಠಾಯಿಯೇ ಇಲ್ಲ! ಹಿಂದೆ ಮಿಠಾಯಿ ತುಂಬಿದ್ದ, ಈಗ ಖಾಲಿಯಾದ ತಗಡಿನ ಡಬ್ಬಿ ಮಾತ್ರ ಸಿಕ್ಕಿತು. ಹುಡುಗ ಅದನ್ನೇ ಮನೆಗೆ ತಂದ. ಡಬ್ಬಿಯ ಒಳಗೆ ಸುತ್ತಲೂ ಸಕ್ಕರೆ ಅಂಟಿಕೊಂಡಿತ್ತು. ಅಮ್ಮ ನೀರು ಕಾಯಿಸಿ ಅದಕ್ಕೆ ಸುರಿದರು. ಸಿಹಿ ಸಿಹಿ ನೀರಾಯಿತು, ಅದನ್ನೇ ಕುಡಿದರು.

ನೋಡಿ, ಒಂದು ಸಾಮ್ರಾಜ್ಯ ಹೇಗಿರುತ್ತದೆ ಅಂತ ಆ ಹುಡುಗ ತಿಳಿದುಕೊಂಡದ್ದು ಸಾಲಿನಲ್ಲಿ ನಿಂತು. ಯಾವ ಭಾಷಣವನ್ನೂ ಕೇಳಿ ಅಲ್ಲ. ಬೆಳೆದ ಮೇಲೂ ಅವರು ಅಲ್ಲಿಂದಲೇ ನೋಡಿದರು. ಪೋಲೆಂಡಿನ ಸರ್ಕಾರಿ ಸುದ್ದಿಸಂಸ್ಥೆಗೆ ಆಫ್ರಿಕಾ, ಲ್ಯಾಟಿನ್ ಅಮೆರಿಕ ಎಲ್ಲ ಸುತ್ತಿದರು. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1974ರಲ್ಲಿ ಪಟ್ಟ ಕಳೆದುಕೊಂಡರಲ್ಲ, ಆ ಕಥೆಯನ್ನು ಬರೆದದ್ದು ಅರಮನೆಯ ಆಳುಕಾಳುಗಳ ಬಾಯಲ್ಲಿ. 1978ರಲ್ಲಿ ಪುಸ್ತಕ ಬಂತು. ಪೋಲೆಂಡಿನ ಓದುಗರಿಗೆ ಅದರಲ್ಲಿ ತಮ್ಮದೇ ಸರ್ಕಾರ ಕಾಣಿಸಿತು. ದೊಡ್ಡವರ ವಿಷಯ ಗೊತ್ತಾಗಬೇಕಾದರೆ ಚಿಕ್ಕವರನ್ನು ಕೇಳಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಕಪುಶ್ಚಿನ್ಸ್ಕಿ ಮೊದಲ ಸಲ ದೇಶ ಬಿಟ್ಟು ದೂರ ಬಂದದ್ದು 1956ರಲ್ಲಿ, ನಮ್ಮ ಭಾರತಕ್ಕೇ, ಇಂಗ್ಲಿಷ್ ಕೂಡ ಸರಿಯಾಗಿ ಬಾರದೆ. ಆ ಕಥೆ ಹೇಳಲು ಈಗ ಆಗುವುದಿಲ್ಲ. ಆಫ್ರಿಕಾದ ಅಂಗೋಲಾ ಬಗ್ಗೆಯೂ ಹೇಳಬೇಕಿತ್ತು. 1975ರಲ್ಲಿ ಅಲ್ಲಿ ಆಳುತ್ತಿದ್ದ ಪೋರ್ಚುಗೀಸರು ರಾಜಧಾನಿ ಲುವಾಂಡಾ ಬಿಟ್ಟು ಹೊರಟಾಗ ಮನೆ ಸಾಮಾನು ತುಂಬಲು ಊರ ತುಂಬಾ ಮರದ ಪೆಟ್ಟಿಗೆ ಹೊಡೆಯುತ್ತಿದ್ದರಂತೆ. ಅಂಗೋಲಾದ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಕಪುಶ್ಚಿನ್ಸ್ಕಿ ಆ ಪೆಟ್ಟಿಗೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ.

ಮಿಠಾಯಿ ಡಬ್ಬಿಯ ಪ್ರಸಂಗ ಇರುವುದು 1993ರಲ್ಲಿ ಬಂದ ‘ಇಂಪೀರಿಯಂ’ ಪುಸ್ತಕದ ಶುರುವಿನಲ್ಲೇ. ಇಂಗ್ಲಿಷಿನಲ್ಲಿ ಸಿಗುತ್ತದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಪಿನ್ಸ್ಕ್‌ನ ಭಾಗ ಒಂದನ್ನಾದರೂ ಓದಿ. ನಮಸ್ಕಾರ.