ಸೇವಾ ಪುಸ್ತಕದಲ್ಲಿ ಬರೆದ ಬೆನ್ನುನೋವು

ಕೇಳುಗರಿಗೆ ನಮಸ್ಕಾರ.

ಕೇಂದ್ರ ಸರ್ಕಾರದ ಒಂದು ಕಚೇರಿಯ ಆಡಳಿತ ವಿಭಾಗದಲ್ಲಿ ನಾನು ಬಹಳ ವರ್ಷ ರಜೆಯ ಕಡತಗಳನ್ನು ನೋಡಿಕೊಂಡವನು. ಒಮ್ಮೆ ಸಹೋದ್ಯೋಗಿಯೊಬ್ಬರು ಇಪ್ಪತ್ತು ದಿನದ ಪರಿವರ್ತಿತ ರಜೆ, ಅಂದರೆ ಕಾಯಿಲೆಯ ಕಾರಣಕ್ಕೆ ಅರ್ಧ ವೇತನ ರಜೆಯನ್ನು ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವ ರಜೆ, ಕೇಳಿ ಅರ್ಜಿ ಕೊಟ್ಟರು. ಜೊತೆಗೆ ವೈದ್ಯರ ಪ್ರಮಾಣಪತ್ರ: ತೀವ್ರ ಬೆನ್ನುನೋವು, ವಿಶ್ರಾಂತಿ ಅಗತ್ಯ. ಅರ್ಜಿ ನನ್ನ ಮೇಜಿನ ಮೇಲಿಟ್ಟು ಅವರು ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಹೋದದ್ದನ್ನು ನಾನೇ ಕಂಡೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದವರು ಅವರ ತಾಯಿ. ಅದು ಇಡೀ ವಿಭಾಗಕ್ಕೆ ಗೊತ್ತಿತ್ತು. ಆದರೆ ಪರಿವರ್ತಿತ ರಜೆಗೆ ಪ್ರಮಾಣಪತ್ರ ನೌಕರನದೇ ಆಗಿರಬೇಕು, ತಾಯಿಯದು ನಡೆಯುವುದಿಲ್ಲ. ನಾನು ಏನೂ ತಿಳಿಯದವನಂತೆ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಅವರ ಸೇವಾ ಪುಸ್ತಕದಲ್ಲಿ ಆ ಬೆನ್ನುನೋವು ಈಗಲೂ ಇದೆ.

ವಯಸ್ಸಾದ ತಂದೆತಾಯಿಯರ ಆರೈಕೆಗೆ ಪ್ರತ್ಯೇಕ ರಜೆ ಇದೆಯೇ ಎಂಬ ಪ್ರಶ್ನೆ 2025ರ ಜುಲೈನಲ್ಲಿ ರಾಜ್ಯಸಭೆಗೂ ಬಂತು. ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ, 8 ದಿನ ಸಾಂದರ್ಭಿಕ ರಜೆ, 2 ದಿನ ನಿರ್ಬಂಧಿತ ರಜೆ ಇವೆ, ಅವುಗಳನ್ನೇ ಬಳಸಿಕೊಳ್ಳಬಹುದು ಎಂದು ಸಚಿವರು ಉತ್ತರಿಸಿದರು. ಉತ್ತರದಲ್ಲಿ ತಪ್ಪಿಲ್ಲ. ಆದರೆ ಗಳಿಕೆ ರಜೆಯೆಂದರೆ ನಿವೃತ್ತಿಯ ದಿನ 300 ದಿನಗಳವರೆಗೆ ನಗದಾಗುವ ಗಂಟು, ಅದನ್ನು ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ. ಅರ್ಧ ವೇತನ ರಜೆಯಲ್ಲಿ ಸಂಬಳ ಅರ್ಧ, ಆಸ್ಪತ್ರೆಯ ಬಿಲ್ಲು ಮಾತ್ರ ಪೂರ್ತಿ.

ಮಕ್ಕಳ ವಿಷಯದಲ್ಲಿ ಸರ್ಕಾರದ ಕೈ ಇಷ್ಟು ಬಿಗಿಯಲ್ಲ. 180 ದಿನದ ಹೆರಿಗೆ ರಜೆಯ ಜೊತೆಗೆ 2008ರ ಸೆಪ್ಟೆಂಬರ್‌ನಿಂದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಬಂತು. ಹೆಸರಿನಲ್ಲಿ ಶಿಶು ಇದ್ದರೂ ಮಗುವಿಗೆ ಹದಿನೆಂಟು ತುಂಬುವವರೆಗೂ ಇದು ಸಲ್ಲುತ್ತದೆ. ಏಳನೆಯ ವೇತನ ಆಯೋಗದ ನಂತರ ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಮಿಕ್ಕ 365 ದಿನಕ್ಕೆ ಶೇಕಡಾ 80. ಪತ್ನಿಯನ್ನು ಕಳೆದುಕೊಂಡೋ ವಿಚ್ಛೇದನ ಪಡೆದೋ ಒಂಟಿಯಾಗಿ ಮಗುವನ್ನು ಸಾಕುವ ತಂದೆಯೂ 2018ರಲ್ಲಿ ಇದರೊಳಗೆ ಸೇರಿದ. ನಮ್ಮ ರಾಜ್ಯ ಸರ್ಕಾರವೂ 2021ರ ಬಜೆಟ್ಟಿನಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಘೋಷಿಸಿತು. ಕೇಂದ್ರದ ಎರಡು ವರ್ಷದ ಮುಂದೆ ಅದು ಕಾಲು ಭಾಗ, ಆದರೂ ಇಲ್ಲದ್ದಕ್ಕಿಂತ ವಾಸಿ.

ಇಷ್ಟೆಲ್ಲ ಬರೆದಿಟ್ಟ ಕೇಂದ್ರದ 1972ರ ರಜೆ ನಿಯಮಗಳಲ್ಲೇ ಏಳನೆಯದು ಎಂಬ ಒಂದು ನಿಯಮವಿದೆ. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎನ್ನುತ್ತದೆ ಅದು. ಅಂಡಮಾನಿನ ಆಡಳಿತದಲ್ಲಿದ್ದ ಮಹಿಳೆಯೊಬ್ಬರು ಮಗನಿಗಾಗಿ ಆರು ತಿಂಗಳ ಶಿಶುಪಾಲನಾ ರಜೆ ಕೇಳಿದಾಗ ಸಿಕ್ಕಿದ್ದು 45 ದಿನ. ಅವರು ಬಿಡಲಿಲ್ಲ. ನ್ಯಾಯಮಂಡಳಿ, ಹೈಕೋರ್ಟು ದಾಟಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 730 ದಿನವನ್ನು ಒಟ್ಟಿಗೇ ಕೊಡಲೂ ನಿಯಮದಲ್ಲಿ ಅಡ್ಡಿಯಿಲ್ಲ ಎಂದು 2014ರಲ್ಲಿ ತೀರ್ಪಾಯಿತು. ಹತ್ತು ವರ್ಷದ ನಂತರ, 2024ರಲ್ಲಿ, ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕಿಯೊಬ್ಬರ ಸರದಿ. ಮಗನಿಗೆ ಹುಟ್ಟಿನಿಂದಲೇ ಮೂಳೆಯ ಕಾಯಿಲೆ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ. ಇದ್ದ ರಜೆಯೆಲ್ಲ ಮುಗಿದಿತ್ತು, ಆ ರಾಜ್ಯ ಶಿಶುಪಾಲನಾ ರಜೆಯನ್ನು ಒಪ್ಪಿಕೊಂಡೇ ಇರಲಿಲ್ಲ. ಮಹಿಳೆ ಉದ್ಯೋಗದಲ್ಲಿರುವುದು ಯಾರೋ ಕೊಟ್ಟ ರಿಯಾಯಿತಿಯಲ್ಲ, ಸಂವಿಧಾನ ಕೊಟ್ಟ ಅಧಿಕಾರ ಎಂದು ಸುಪ್ರೀಂ ಕೋರ್ಟು ಅಲ್ಲಿ ಹೇಳಿತು.

ಹಾಗೆಂದು ಮೇಲಧಿಕಾರಿಗಳನ್ನೆಲ್ಲ ಕಲ್ಲೆದೆಯವರು ಎನ್ನಲಾರೆ. ಮೂವರು ಮಾಡಬೇಕಾದ ಕೆಲಸಕ್ಕೆ ಇಬ್ಬರಿದ್ದು, ಅವರಲ್ಲೊಬ್ಬರು ಆರು ತಿಂಗಳು ಹೋದರೆ ಕಡತಗಳು ಮಿಕ್ಕವರ ಮೇಜಿಗೆ ಬಂದು ಬೀಳುತ್ತವೆ. ಬದಲಿಯನ್ನು ಕೊಡಿ ಎಂದು ನಾನು ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಬಂದ ಉತ್ತರ ಬಹುತೇಕ ಒಂದೇ: ಲಭ್ಯವಿರುವ ಸಿಬ್ಬಂದಿಯಿಂದಲೇ ನಿರ್ವಹಿಸತಕ್ಕದ್ದು. ರಜೆ ಮುಗಿಸಿ ಬಂದ ತಾಯಿಗೆ ಪಕ್ಕದ ಮೇಜಿನವರು ಮುಖ ಕೊಟ್ಟು ಮಾತನಾಡದಿದ್ದುದನ್ನು ನೋಡಿದ್ದೇನೆ. ತಪ್ಪು ಆಕೆಯದಲ್ಲ, ಪಕ್ಕದ ಮೇಜಿನವರದೂ ಅಲ್ಲ. ಬದಲಿಯಿಲ್ಲದೆ ಕೊಟ್ಟ ರಜೆಯನ್ನು ಸರ್ಕಾರ ಕೊಟ್ಟಂತಾಗಲಿಲ್ಲ, ಸಹೋದ್ಯೋಗಿಗಳ ಹೆಗಲಿನಿಂದ ಕೊಡಿಸಿದಂತಾಯಿತು.

ಇನ್ನು ತಂದೆಯರಿಗೆ ಹದಿನೈದು ದಿನ. ಹೆರಿಗೆಗೆ ಹದಿನೈದು ದಿನ ಮೊದಲಿನಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ಅದು ರದ್ದಾಗುತ್ತದೆ. ವಿಚಿತ್ರವೆಂದರೆ, ಈ ಪಿತೃತ್ವ ರಜೆಯನ್ನು ಸಾಮಾನ್ಯವಾಗಿ ನಿರಾಕರಿಸತಕ್ಕದ್ದಲ್ಲ ಎಂದು ನಿಯಮವೇ ಹೇಳುತ್ತದೆ. ಇಷ್ಟು ಗಟ್ಟಿಯಾದ ರಜೆಯನ್ನು ಕೇಳಲು ನಮ್ಮ ಗಂಡಸರಿಗೆ ನಾಚಿಕೆ. ಹೊಸದಾಗಿ ತಂದೆಯಾದ ಗುಮಾಸ್ತರೊಬ್ಬರು ಪೇಡದ ಡಬ್ಬಿ ಹಿಡಿದು ಬಂದಾಗ, ರಜೆಯ ನಮೂನೆಯನ್ನು ನಾನೇ ಡ್ರಾಯರಿನಿಂದ ತೆಗೆದು ಕೊಟ್ಟೆ. "ಮನೆಯಲ್ಲಿ ಅತ್ತೆ ಇದ್ದಾರೆ ಸಾರ್" ಎಂದರು. ಅತ್ತೆಗೆ ಸಹಿ ಹಾಕಲು ಈ ನಮೂನೆಯಲ್ಲಿ ಜಾಗವಿಲ್ಲ, ನೀವೇ ಹಾಕಿ ಎಂದೆ. ನಕ್ಕು ಹಾಕಿದರು. ಹದಿನಾರನೆಯ ದಿನ ನಿದ್ದೆಗೆಟ್ಟ ಕಣ್ಣಿನಲ್ಲಿ ಕೆಲಸಕ್ಕೆ ಬಂದು, "ಇನ್ನೊಂದು ಹದಿನೈದು ದಿನ ಸಿಗುತ್ತದೆಯೇ ಸಾರ್?" ಎಂದು ಕೇಳಿದರು.

ನಮಸ್ಕಾರ.