ಎಂಟು ದಾಟಿದ ಮಣ್ಣು: ಹೊಸ ಕೈತೋಟದವರ ಜೊತೆ ಒಂದಿಷ್ಟು ಮಾತು

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ,

ಹೊಸ ಲೇಔಟಿನಲ್ಲಿ ಮನೆ ಕಟ್ಟಿ, ಹಿತ್ತಲಿಗೆ ಗಿಡ ತರುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿದ್ದೀರಿ. ಅದೇ ಅರ್ಧ ಕೆಲಸ. ಚೀಟಿಯಲ್ಲಿ ರಸಸಾರ (pH, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ; ಏಳು ದಾಟಿದರೆ ಕ್ಷಾರ) 8.3 ಅಂತಲೋ 8.6 ಅಂತಲೋ ಬಂದಿರುತ್ತದೆ. ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಏನ್ ಹಾಕಿದ್ರ ಇಳೀತೈತ್ರಿ ಇದು?" ನನ್ನ ಉತ್ತರವೂ ಒಂದೇ. ಏನನ್ನೂ ಹಾಕುವ ಮೊದಲು ಸುಣ್ಣ ನೋಡ್ರಿ.

ಧಾರವಾಡದಿಂದ ಅಳ್ನಾವರದ ಕಡೆ ಹೋದರೆ ಮಳೆ ಹೆಚ್ಚು, ಮಣ್ಣು ಕೆಂಪು, ಸುಣ್ಣ ತೊಳೆದುಹೋಗಿರುತ್ತದೆ. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗ, ರೋಣದ ಕಡೆ ಹೊರಳಿದರೆ ಮಳೆ ಕಡಿಮೆ, ಎರೆ ಭೂಮಿ. ಸುಣ್ಣ ಅಲ್ಲೇ ಕೂತಿರುತ್ತದೆ. ಎರಡಡಿ ಅಗೆದರೆ ಸಾಕು, ಜೋಳದಕಾಳಿನ ಗಾತ್ರದ ಬಿಳಿ ಹರಳು ಕೈಗೆ ಸಿಗುತ್ತವೆ. ಒಣಮಣ್ಣಿನ ಚಿಟಿಕೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡ್ರಿ, ಕಿವಿ ಹತ್ತಿರ ಹಿಡೀರಿ. ಚುರ್ರೆಂದು ನೊರೆ ಎದ್ದರೆ ಸುಣ್ಣ ಇದೆ.

ಸುಣ್ಣ ಇದ್ದಲ್ಲಿ ಗಂಧಕ ಹಾಕಿ ರಸಸಾರ ಇಳಿಸುತ್ತೇನೆ ಅನ್ನುವವರು ಈ ಲೆಕ್ಕ ಕೇಳ್ರಿ. ಒಂದು ಗುಂಟೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 20 ಟನ್ ತೂಗುತ್ತದೆ. ಅದರಲ್ಲಿ ನೂರಕ್ಕೆ 5 ಭಾಗ ಸುಣ್ಣವಿದ್ದರೆ ಒಂದು ಟನ್ ಸುಣ್ಣವಾಯಿತು. ಒಂದು ಕೆಜಿ ಗಂಧಕ ತಿನ್ನುವುದು ಮೂರು ಕೆಜಿಗಿಂತ ತುಸು ಹೆಚ್ಚು ಸುಣ್ಣ. ಅಂದರೆ 320 ಕೆಜಿ ಗಂಧಕ ಬೇಕು! ಆ ಸುಣ್ಣ ಮುಗಿಯುವ ತನಕ ರಸಸಾರ ಎಂಟರ ಆಸುಪಾಸು ಬಿಟ್ಟು ಕದಲುವುದಿಲ್ಲ. ನೊರೆ ಬರದ ಮಸಾರಿ (ಕೆಂಪು) ಮಣ್ಣಾದರೆ ಮಾತು ಬೇರೆ. ಅಲ್ಲಿ ಚದರ ಮೀಟರಿಗೆ 50ರಿಂದ 100 ಗ್ರಾಂ ಗಂಧಕದ ಪುಡಿ ಬೆರೆಸಿ, ತೇವ ಆರದಂತೆ ಎರಡು-ಮೂರು ತಿಂಗಳು ಬಿಟ್ಟರೆ ಫಲ ಕಾಣುತ್ತದೆ. ಗಂಧಕವನ್ನು ಆಮ್ಲ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ತೇವವೂ ಬೇಕು, ಕಾಲವೂ ಬೇಕು.

ಇನ್ನು ಲಿಂಬೆ ಗಿಡದ ಕತೆ. ಇದು ನಮ್ಮ ಓಣಿ ಓಣಿಯಲ್ಲಿ ನಡೆಯುವಂಥದ್ದು. ಗೌಂಡಿ ಕೆಲಸ ಮುಗಿಸಿ ಹೋಗುವಾಗ ಸಿಮೆಂಟು, ಗಿಲಾವಿನ ಚೂರು ಹಿತ್ತಲ ಮೂಲೆಗೆ ಸರಿಸಿರುತ್ತಾನೆ. ಮೇಲೆ ಒಂದು ಟ್ರ್ಯಾಕ್ಟರ್ ಎರೆಮಣ್ಣು ಬೀಳುತ್ತದೆ. ಅದೇ ಮೂಲೆಗೆ ಲಿಂಬೆ. ಆರು ತಿಂಗಳಿಗೆ ಚಿಗುರೆಲೆ ಹಳದಿ. ನರ ಮಾತ್ರ ಹಸಿರು, ಬಲೆ ಹೆಣೆದ ಹಾಗೆ. ಎದುರುಮನೆ ಕಾಕಾ ಯೂರಿಯಾ ಹಾಕು ಅಂತಾರೆ, ಅತ್ತೆ ಒಲೆ ಬೂದಿ ಹಾಕು ಅಂತಾರೆ. ಬೂದಿಯಂತೂ ರಸಸಾರವನ್ನು ಇನ್ನಷ್ಟು ಏರಿಸುತ್ತದೆ. ಹಳೆ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಹೊಸ ಎಲೆ ಹೀಗಾದರೆ ಅದು ಕಬ್ಬಿಣದ್ದು. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇದೆ, ಸುಣ್ಣ ಅದನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. ಬುಡಕ್ಕೆ ಸುರಿದ ಫೆರಸ್ ಸಲ್ಫೇಟಿಗೂ (ಕಬ್ಬಿಣದ ಉಪ್ಪು) ಕೆಲವೇ ದಿನಗಳಲ್ಲಿ ಇದೇ ಗತಿ.

ಅದಕ್ಕೇ ಎಲೆಗೆ ಕೊಡ್ರಿ. ಒಂದು ಲೀಟರ್ ನೀರಿಗೆ ಮೊದಲು ಒಂದು ಗ್ರಾಂ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್. ಕ್ರಮ ತಪ್ಪಿದರೆ ಗಡಸು ನೀರಿನಲ್ಲಿ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯುತ್ತದೆ. ಫೆರಸ್ ಸಲ್ಫೇಟಿನ ಹರಳು ತಿಳಿಹಸಿರು ಇರಬೇಕು. ಕಂದು ಪುಡಿಯಾಗಿದ್ದರೆ ಕೊಳ್ಳಬೇಡ್ರಿ. ಸಂಜೆ ಹೊತ್ತು, ಹತ್ತು ದಿನಕ್ಕೊಮ್ಮೆ, ಮೂರು ಸಲ ಸಿಂಪಡಿಸ್ರಿ. ಬುಡಕ್ಕೇ ಕೊಡಬೇಕೆಂದರೆ, ಸುಣ್ಣಕ್ಕೆ ಸಿಗದಂತೆ ಕಬ್ಬಿಣವನ್ನು ಹಿಡಿದಿಡುವ ರಸಾಯನ ಬೆರೆಸಿದ ಇಡಿಡಿಎಚ್‌ಎ ಕಬ್ಬಿಣ ಕೇಳಿ ತನ್ನಿ. ಅದೇ ಬಗೆಯ ಇಡಿಟಿಎ ಕಬ್ಬಿಣ ಈ ರಸಸಾರದಲ್ಲಿ ನಿಲ್ಲುವುದಿಲ್ಲ.

ಸಮಯ ಆಯಿತು ಅಂತ ಚೀಟಿ ಬಂತು, ಉಳಿದದ್ದು ಬೇಗ ಹೇಳ್ತೀನಿ.

ರಸಸಾರ 8.5 ದಾಟಿದ್ದರೆ ಸೋಡಿಯಂ ಮೇಲೆ ಅನುಮಾನ. ಮಳೆನೀರಿನ ಲೋಟದಲ್ಲಿ ಒಣ ಹೆಂಟೆ ಇಡ್ರಿ, ಅಲ್ಲಾಡಿಸಬೇಡ್ರಿ. ಕೆಲ ತಾಸಿನಲ್ಲಿ ಸುತ್ತ ಹಾಲಿನಂತೆ ಕದಡಿದರೆ ಸೋಡಿಯಂ ಇದೆ. ಜಿಪ್ಸಂ ಬೇಕಾಗುವುದು ಅಲ್ಲಿ, ಅದೂ ಪ್ರಯೋಗಾಲಯ ಹೇಳಿದಷ್ಟು. ನೀರು ಬಸಿದು ಹೋಗಲು ಕಾಲುವೆ ಇಲ್ಲದಿದ್ದರೆ ಜಿಪ್ಸಂ ಬಿಡಿಸಿದ ಸೋಡಿಯಂ ಅಲ್ಲೇ ಉಳಿಯುತ್ತದೆ. ಬರೀ ಸುಣ್ಣದ ಮಣ್ಣಿನ ರಸಸಾರವನ್ನು ಜಿಪ್ಸಂ ಇಳಿಸುವುದಿಲ್ಲ. ಮತ್ತೆ ಅದೇ ಮಾತು, ಮೊದಲು ಸುಣ್ಣ ನೋಡ್ರಿ.

ಎರೆಯಲ್ಲಿ ಗುಂಡಿ ತೋಡಿ ಕೆಂಪುಮಣ್ಣು ತುಂಬಿದರೆ ಗುಂಡಿ ಬಟ್ಟಲಿನ ಹಾಗೆ ನೀರು ಹಿಡಿದು ಬೇರು ಕೊಳೆಯುತ್ತದೆ. ನೆಲದ ಮೇಲೆ ಒಂದೂವರೆ ಅಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಮಾಡಿ ನೆಡ್ರಿ. ಗುಲಾಬಿ, ಇಕ್ಸೋರಾ ಕುಂಡದಲ್ಲಿರಲಿ. ನುಗ್ಗೆ, ಪೇರಲ, ದಾಳಿಂಬೆ, ಬೆಟ್ಟದ ನೆಲ್ಲಿ, ಪಾಲಕ್ ಈ ಮಣ್ಣಿಗೆ ಹೊಂದಿಕೊಳ್ಳುತ್ತವೆ.

ಕೊನೆಗೆ ನೀರು. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟಿಸುವ ಬೋರಿನ ನೀರು, ಗಿಡದ ಬುಡಕ್ಕೂ ದಿನಾ ಅದೇ ಸುಣ್ಣ ಹಾಕುತ್ತಿರುತ್ತದೆ. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಈ ಮಳೆಗಾಲದೊಳಗೆ ಪೈಪಿನ ಬಾಯಿಗೆ ಡ್ರಮ್ ಇಡ್ರಿ, ಲಿಂಬೆಗೂ ಕುಂಡಗಳಿಗೂ ಆ ನೀರೇ ಹಾಕ್ರಿ.