ಬೇಲಾ ಲುಗೋಸಿ: ದನಿಗೆ ಸಿಕ್ಕಿಬಿದ್ದ ನಟ

ಕೇಳುಗರಿಗೆ ನಮಸ್ಕಾರ.

1931ರ ಫೆಬ್ರವರಿಯಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ ತೆರೆಗೆ ತಂದ ‘ಡ್ರಾಕುಲಾ’ ಚಿತ್ರದಲ್ಲಿ ಒಂದು ಸಣ್ಣ ಸನ್ನಿವೇಶವಿದೆ. ಪಾಳುಬಿದ್ದ ಕೋಟೆಯಲ್ಲಿ ಊಟಕ್ಕೆ ಕುಳಿತ ಅತಿಥಿ, ಎದುರಿಗೆ ನಿಂತ, ರಕ್ತ ಹೀರಿ ಬದುಕುವ ಪಿಶಾಚಿ ಕೌಂಟ್ ಡ್ರಾಕುಲಾನನ್ನು ‘ನೀವು ಕುಡಿಯುವುದಿಲ್ಲವೇ?’ ಎಂದು ಕೇಳುತ್ತಾನೆ. ‘ನಾನು ಎಂದೂ ಕುಡಿಯುವುದಿಲ್ಲ’ ಎಂದು ಹೇಳಿದ ಡ್ರಾಕುಲಾ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ‘ವೈನನ್ನು’ ಎಂದು ಮಾತನ್ನು ಮುಗಿಸುತ್ತಾನೆ. ಆ ಚಿತ್ರದಲ್ಲಿ ಅವನ ಕೋರೆಹಲ್ಲುಗಳು ಒಮ್ಮೆಯೂ ಕಾಣಿಸುವುದಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲವೆನ್ನುವಷ್ಟು ಕಡಿಮೆ. ಪ್ರೇಕ್ಷಕನನ್ನು ಹೆದರಿಸುವ ಕೆಲಸವನ್ನು ಆ ಗಳಿಗೆಯ ಮೌನವೂ, ಮೌನದ ಎರಡೂ ಬದಿಗಿರುವ ಭಾರವಾದ ದನಿಯೂ ಹಂಚಿಕೊಂಡಿವೆ. ಆ ದನಿಯ ಒಡೆಯ ಬೇಲಾ ಲುಗೋಸಿ. ಅವರ ಬದುಕಿನ ಕುರಿತು ಬರೆದವರೆಲ್ಲರೂ ಹೆಚ್ಚುಕಡಿಮೆ ಅವರನ್ನು ಡ್ರಾಕುಲಾನ ಕಪ್ಪು ಮೇಲಂಗಿಯ ಸೆರೆಯಾಳು ಎಂದೇ ಬಣ್ಣಿಸಿದ್ದಾರೆ. ಮೇಲಂಗಿಯನ್ನಾದರೆ ಅವರು ಕಳಚಿ ಇಡಬಹುದಿತ್ತು. ನಾಲಗೆಯ ಮೇಲೆ ಕೂತಿದ್ದ ಹುಟ್ಟೂರನ್ನು ಕಳಚಲು ಅವರಿಂದ ಕೊನೆಯವರೆಗೂ ಆಗಲಿಲ್ಲ ಎನ್ನುವುದು ನನ್ನ ಎಣಿಕೆ.

ಆ ಹುಟ್ಟೂರು ಲುಗೋಶ್. 1882ರ ಅಕ್ಟೋಬರ್ 20ರಂದು ಅವರು ಹುಟ್ಟಿದಾಗ ಅದು ಹಂಗೇರಿಯ ರಾಜ್ಯಕ್ಕೆ ಸೇರಿತ್ತು, ಇಂದು ರುಮೇನಿಯಾದಲ್ಲಿದೆ. ಮನೆತನದ ಹೆಸರು ಬ್ಲಾಷ್ಕೊ. ರಂಗಭೂಮಿಗೆ ಬಂದಮೇಲೆ ಅವರು ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲು ಹೇಳುವುದರಿಂದ ಅಲ್ಲಿ ಅವರು ‘ಲುಗೋಶಿ ಬೇಲಾ’, ಎಂದರೆ ಲುಗೋಶಿನ ಬೇಲಾ. ಗುಬ್ಬಿ ವೀರಣ್ಣನವರನ್ನು ಬಲ್ಲ ನಮಗೆ ಈ ಕ್ರಮ ಹೊಸದೇನಲ್ಲ. ಅಮೆರಿಕನ್ನರ ಬಾಯಲ್ಲಿ ‘ಶಿ’ ಹೋಗಿ ‘ಸಿ’ ಆಯಿತು. ಅಂದರೆ ಹಂಗೇರಿಯ ನುಡಿಯನ್ನು ಬಿಡಲಾರದ ಈ ನಟನ ಹೆಸರು ಮಾತ್ರ ಬಹುಬೇಗ ಇಂಗ್ಲಿಷ್ ಕಲಿತುಕೊಂಡಿತು!

ಬಾಲ್ಯದಲ್ಲೇ ಶಾಲೆ ಬಿಟ್ಟು, ಊರೂರು ಅಲೆಯುವ ನಾಟಕ ತಂಡಗಳಲ್ಲಿ ಪಳಗಿದ ಅವರು 1913ರಲ್ಲಿ ಬುಡಾಪೆಸ್ಟಿನ ರಾಷ್ಟ್ರೀಯ ರಂಗಮಂದಿರವನ್ನು ಸೇರಿದರು. ಅಷ್ಟರೊಳಗೆ ಬೇರೆ ಊರುಗಳ ರಂಗಗಳಲ್ಲಿ ಷೇಕ್ಸ್‌ಪಿಯರನ ರೋಮಿಯೋ ಆಗಿ, ಯೇಸುಕ್ರಿಸ್ತನಾಗಿ ಅಭಿನಯಿಸಿದ್ದರು. ಮೊದಲ ಮಹಾಯುದ್ಧ ಬಂದಾಗ ಸೈನ್ಯಕ್ಕೆ ಸೇರಿ, ರಷ್ಯಾದ ಗಡಿಯಲ್ಲಿ ಗಾಯಗೊಂಡು ಹಿಂದಿರುಗಿದರು. 1919ರಲ್ಲಿ ಹಂಗೇರಿಯಲ್ಲಿ ಕಮ್ಯುನಿಸ್ಟ್ ಸರ್ಕಾರ ಕೆಲವು ತಿಂಗಳು ನಡೆದಾಗ ನಟರ ಸಂಘ ಕಟ್ಟಲು ಓಡಾಡಿದವರಲ್ಲಿ ಅವರೂ ಒಬ್ಬರು. ಸರ್ಕಾರ ಉರುಳಿದಾಗ ದೇಶ ಬಿಡಬೇಕಾಯಿತು. ವಿಯೆನ್ನಾ, ಬರ್ಲಿನ್‌ಗಳನ್ನು ದಾಟಿ, 1920ರ ಕೊನೆಯಲ್ಲಿ ಸರಕು ಹಡಗೊಂದರ ಕೆಲಸಗಾರನಾಗಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ಇಳಿದರು.

ನ್ಯೂಯಾರ್ಕಿನಲ್ಲಿ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. 1922ರಲ್ಲಿ ಮೊದಲ ಇಂಗ್ಲಿಷ್ ನಾಟಕದ ಪಾತ್ರ ಸಿಕ್ಕಾಗ ಮಾತುಗಳ ಅರ್ಥಕ್ಕಿಂತ ಮೊದಲು ಅವುಗಳ ಸದ್ದನ್ನು ಕಿವಿಯಿಂದ ಹಿಡಿದು ಕಂಠಪಾಠ ಮಾಡಿದರು. ನಮ್ಮಲ್ಲಿ ಅರ್ಥ ತಿಳಿಯದ ಮಂತ್ರವನ್ನು ಮಕ್ಕಳು ಸ್ವರ ತಪ್ಪದಂತೆ ಒಪ್ಪಿಸುವುದಿಲ್ಲವೇ, ಹಾಗೆ. ಹಂಗೇರಿಯನ್ ಭಾಷೆಯಲ್ಲಿ ಪದದ ಮೊದಲ ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಆ ಒತ್ತನ್ನು ಅವರು ಇಂಗ್ಲಿಷಿಗೂ ಹೊತ್ತು ತಂದರು. ಪ್ರತಿ ಪದವನ್ನೂ ತೂಗಿ ಇಡುವಂತಹ ನಿಧಾನ, ಅನಿರೀಕ್ಷಿತ ಜಾಗದಲ್ಲಿ ನಿಲುಗಡೆ, ಹಾಡಿನಂತೆ ಎಳೆಯುವ ಸ್ವರ, ಇವೆಲ್ಲ ಹುಟ್ಟಿದ್ದು ಹೀಗೆ. 1927ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ‘ಡ್ರಾಕುಲಾ’ ನಾಟಕ ಆರಂಭವಾದಾಗ ಇದೇ ಕೊರತೆ ಸಂಪತ್ತಾಯಿತು. ಟ್ರಾನ್ಸಿಲ್ವೇನಿಯಾದ ಶತಮಾನಗಳಷ್ಟು ಹಳೆಯ ಪಿಶಾಚಿ ಲಂಡನ್ನಿನವರಂತೆ ಮಾತನಾಡಲು ಹೇಗೆ ಸಾಧ್ಯ? ನಾಟಕ 261 ಪ್ರದರ್ಶನಗಳನ್ನು ಕಂಡಿತು.

ಹಾಗಿದ್ದರೂ ಸಿನಿಮಾ ಅವರನ್ನು ಹುಡುಕಿಕೊಂಡು ಬರಲಿಲ್ಲ. ಪಾತ್ರಕ್ಕೆ ಎಲ್ಲರ ಮನಸ್ಸಿನಲ್ಲಿದ್ದ ಹಿರಿಯ ನಟ ಲಾನ್ ಚೇನಿ 1930ರ ಆಗಸ್ಟಿನಲ್ಲಿ ತೀರಿಕೊಂಡ ಮೇಲೂ ಯೂನಿವರ್ಸಲ್ ಬೇರೆ ಬೇರೆ ನಟರ ಹೆಸರುಗಳನ್ನು ತೂಗಿ ನೋಡಿತು. ಲುಗೋಸಿಯವರು ತಾವಾಗಿ ಬೆನ್ನುಹತ್ತಿ, ವಾರಕ್ಕೆ 500 ಡಾಲರಿನಂತೆ ಏಳು ವಾರಕ್ಕೆ 3,500 ಡಾಲರಿಗೆ ಒಪ್ಪಿಕೊಂಡರು. ತನ್ನ ಬೆಲೆ ತನಗೇ ಗೊತ್ತಿಲ್ಲದ ಕಲಾವಿದನ ಚೌಕಾಸಿ ಎಂದರೆ ಇದೇ ಇರಬೇಕು.

ಆಮೇಲಿನ ಕಥೆಯಲ್ಲಿ ಎಲ್ಲರೂ ಎತ್ತಿ ಹೇಳುವುದು ‘ಫ್ರಾಂಕೆನ್‌ಸ್ಟೈನ್’ ಪ್ರಸಂಗ. 1931ರಲ್ಲೇ ತಯಾರಾದ ಆ ಚಿತ್ರದಲ್ಲಿ ವಿಜ್ಞಾನಿಯೊಬ್ಬ ಹೆಣಗಳಿಂದ ಕಟ್ಟುವ ದೈತ್ಯನ ಪಾತ್ರಕ್ಕೆ ಮೊದಲು ಲುಗೋಸಿಯವರ ಹೆಸರೇ ಇತ್ತು. ಮುಖ ಮುಚ್ಚುವಷ್ಟು ಬಣ್ಣ, ಬಾಯಲ್ಲಿ ಒಂದೂ ಮಾತಿಲ್ಲ. ದನಿಯಿಂದ ಗೆದ್ದುಬಂದ ನಟನಿಗೆ ಅದು ಅವಮಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿರ್ದೇಶಕರು ಬದಲಾದಾಗ ಪಾತ್ರವೂ ಕೈ ಬದಲಾಗಿ ಬೋರಿಸ್ ಕಾರ್ಲೋಫ್ ಅವರಿಗೆ ಹೋಯಿತು. ಈ ಕಾರ್ಲೋಫ್ ಹುಟ್ಟಾ ಇಂಗ್ಲಿಷರು, ನಿಜ ಹೆಸರು ವಿಲಿಯಂ ಪ್ರಾಟ್. ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು. ರಷ್ಯನ್ನರದೆಂದು ತೋರುವ ಹೆಸರನ್ನು ಅವರು ಬೇಕೆಂದೇ ಇಟ್ಟುಕೊಂಡಿದ್ದರು. ಪರದೇಶದ ಹೆಸರಿನ ಹಿಂದೆ ಸ್ವದೇಶದ ನಾಲಗೆ ಇದ್ದುದರಿಂದ ಅವರು ದೈತ್ಯನೂ ಆದರು, ವೈದ್ಯರೂ ಆದರು, ಮುಂದೆ ಬ್ರಾಡ್‌ವೇಯಲ್ಲಿ ಹಾಸ್ಯನಾಟಕದಲ್ಲೂ ಮೆರೆದರು. ಇಬ್ಬರೂ ಕೂಡಿ ನಟಿಸಿದ 1934ರ ‘ದಿ ಬ್ಲ್ಯಾಕ್ ಕ್ಯಾಟ್’ ನೋಡಿದರೆ ಲುಗೋಸಿಯವರು ಯಾವುದರಲ್ಲೂ ಕಡಿಮೆಯಿಲ್ಲವೆಂದು ತಿಳಿಯುತ್ತದೆ. ಆದರೂ ಚಿತ್ರಗಳ ಜಾಹೀರಾತಿನಲ್ಲಿ ಕಾರ್ಲೋಫ್ ಅವರ ಹೆಸರೇ ಮೇಲೆ.

ಬಿಡುಗಡೆಯ ಬಾಗಿಲು ಆಗೊಮ್ಮೆ ಈಗೊಮ್ಮೆ ಅರ್ಧ ತೆರೆಯುತ್ತಿತ್ತು. ಭಾರತದ ಯೋಗಿಗಳಿಂದ ವಿದ್ಯೆ ಕಲಿತ ಚಂದೂ ಎಂಬ ಮಾಂತ್ರಿಕನ ಕುರಿತ 1932ರ ಚಿತ್ರದಲ್ಲಿ ಖಳನಾಗಿದ್ದ ಲುಗೋಸಿಯವರೇ ಎರಡು ವರ್ಷಗಳ ಬಳಿಕ ಧಾರಾವಾಹಿ ಚಿತ್ರದಲ್ಲಿ ಚಂದೂ ಆಗಿ ನಾಯಕನ ಪಟ್ಟ ಏರಿದರು. ಅದು ಅಲ್ಲಿಗೇ ನಿಂತಿತು. 1936ರ ಬಳಿಕ ಹಾಲಿವುಡ್ ಭಯಾನಕ ಚಿತ್ರಗಳನ್ನೇ ಕೈಬಿಟ್ಟಾಗ ಅವರಿಗೆ ಕೆಲಸವಿಲ್ಲವಾಯಿತು, ಮನೆ ಕೈಬಿಟ್ಟಿತು. 1938ರಲ್ಲಿ ಮಗ ಹುಟ್ಟಿದಾಗ ಹೆರಿಗೆಯ ಖರ್ಚಿಗೆ ನಟರ ಪರಿಹಾರ ನಿಧಿಯ ನೆರವು ಬೇಕಾಯಿತು. ಅದೇ ವರ್ಷ ಲಾಸ್ ಏಂಜಲೀಸಿನ ಚಿತ್ರಮಂದಿರವೊಂದು ಹಳೆಯ ‘ಡ್ರಾಕುಲಾ’ವನ್ನು ಮತ್ತೆ ಹಾಕಿದಾಗ ಜನ ಸಾಲುಗಟ್ಟಿದರು, ಸ್ಟುಡಿಯೋಗಳಿಗೆ ಲುಗೋಸಿಯವರ ನೆನಪಾಯಿತು.

ಹೀಗೆ ಬಂದ 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದ ಈಗರ್ ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಪಾತ್ರ. ಗಲ್ಲಿಗೇರಿಸಿದರೂ ಸಾಯದೆ, ಸೊಟ್ಟಗಾದ ಕೊರಳಿನಿಂದ ಬದುಕಿಕೊಂಡ ಹಳ್ಳಿಗ. ಮೇಲಂಗಿ ಇಲ್ಲ, ಗಾಂಭೀರ್ಯ ಇಲ್ಲ. ಕೊಳಕು ಗಡ್ಡ, ಹಾಳುಮೂಳು ಹಲ್ಲು, ಕುತಂತ್ರದ ನಗೆ. ಅಲ್ಲಿ ಅವರು ತಮ್ಮ ದನಿಯನ್ನೇ ಮುರಿದು ಒರಟುಮಾಡಿಕೊಂಡರು. ಮುರಿದ ಗಂಟಲಿಗೆ ಪರದೇಶದ ಉಚ್ಚಾರಣೆ ತಾನಾಗಿ ಒಗ್ಗಿತು. ಅದೇ ವರ್ಷ ಗ್ರೆಟಾ ಗಾರ್ಬೋ ಅವರ ‘ನಿನೋಚ್ಕಾ’ದಲ್ಲಿ ರಷ್ಯದ ಅಧಿಕಾರಿಯಾಗಿ ಕೆಲವೇ ನಿಮಿಷ ಕಾಣಿಸಿಕೊಂಡು, ಯಾರನ್ನೂ ಹೆದರಿಸದೆ ಸಹಜವಾಗಿ ನಟಿಸಿದರು. ಅಂತಹ ಪಾತ್ರಗಳು ಮತ್ತೆ ಬರಲಿಲ್ಲ.

ಬಂದದ್ದು ಹನ್ನೆರಡು ವರ್ಷಗಳ ಹಿಂದೆ ಬಿಟ್ಟ ದೈತ್ಯ. 1942ರ ಚಿತ್ರವೊಂದರ ಕೊನೆಯಲ್ಲಿ ಈಗರ್‌ನ ಮಿದುಳನ್ನು ದೈತ್ಯನ ತಲೆಯಲ್ಲಿಡಲಾಗುತ್ತದೆ. ದೈತ್ಯ ಲುಗೋಸಿಯವರ ದನಿಯಲ್ಲಿ ಮಾತನಾಡಿ, ಮರುಗಳಿಗೆಯಲ್ಲೇ ಕುರುಡನಾಗುತ್ತಾನೆ. ಮುಂದಿನ ವರ್ಷದ ಕಥೆಯಲ್ಲಿ ಅವರೇ ಆ ದೈತ್ಯ. ಅರವತ್ತರ ವಯಸ್ಸಿನಲ್ಲಿ ಆ ಭಾರವಾದ ವೇಷ ಹಾಕಿ, ಕುರುಡನಂತೆ ಕೈಚಾಚಿ ತಡವರಿಸುತ್ತ, ಬರೆದುಕೊಟ್ಟ ಮಾತುಗಳನ್ನೆಲ್ಲ ಆಡಿದರು. ಆದರೆ ಚಿತ್ರ ಬಿಡುಗಡೆಯಾದಾಗ ಅದರಲ್ಲಿ ದೈತ್ಯನ ಒಂದು ಮಾತೂ ಉಳಿದಿರಲಿಲ್ಲ. ಹಂಗೇರಿಯನ್ ಉಚ್ಚಾರಣೆಯ ದೈತ್ಯನನ್ನು ಕಂಡು ಸ್ಟುಡಿಯೋದವರು ನಕ್ಕುಬಿಟ್ಟರೆಂದೂ, ಅದಕ್ಕೇ ಮಾತುಗಳನ್ನು ಕತ್ತರಿಸಿದರೆಂದೂ ಚಿತ್ರಕಥೆ ಬರೆದ ಕರ್ಟ್ ಸಿಯೋಡ್‌ಮಾಕ್ ಮುಂದೆ ಹೇಳಿಕೊಂಡಿದ್ದಾರೆ. ಮಾತಿನ ಜೊತೆ ಕುರುಡುತನದ ಉಲ್ಲೇಖವೂ ಹೋದದ್ದರಿಂದ ಕೈಚಾಚಿದ ಆ ನಡಿಗೆ ಅರ್ಥಹೀನವಾಗಿ ಕಂಡಿತು. ವಿಮರ್ಶಕರು ನಟನನ್ನೇ ದೂರಿದರು. ಮಾತಿಲ್ಲವೆಂದು 1931ರಲ್ಲಿ ಬೇಡವೆನಿಸಿದ ಪಾತ್ರ 1943ರಲ್ಲಿ ಅವರ ಮಾತನ್ನೂ ಕಿತ್ತುಕೊಂಡಿತು.

ಉಳಿದ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಗ್ಗದ ಚಿತ್ರಗಳು, ಊರೂರಿನ ರಂಗಪ್ರದರ್ಶನಗಳು, 1948ರಲ್ಲಿ ಅಬಟ್ ಮತ್ತು ಕಾಸ್ಟೆಲೊ ಜೋಡಿಯ ಹಾಸ್ಯಚಿತ್ರವೊಂದರಲ್ಲಿ ಮತ್ತೊಮ್ಮೆ, ತೆರೆಯ ಮೇಲೆ ಕೊನೆಯ ಬಾರಿಗೆ, ಡ್ರಾಕುಲಾ. ಕಾಲಿನ ನರದ ನೋವಿಗೆಂದು ವೈದ್ಯರು ಕೊಟ್ಟ ಮಾರ್ಫಿನ್ ಚಟವಾಗಿ ಬೆಳೆದಿತ್ತು. 1955ರ ಏಪ್ರಿಲ್‌ನಲ್ಲಿ ಅವರು ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಸೇರಿ, ಚಿಕಿತ್ಸೆ ಪಡೆದು ಆಗಸ್ಟಿನಲ್ಲಿ ಹೊರಬಂದರು. ಇಂತಹ ಸಂಗತಿಗಳನ್ನು ತಾರೆಯರು ಮುಚ್ಚಿಡುತ್ತಿದ್ದ ಆ ಕಾಲದಲ್ಲಿ ಅವರು ಪತ್ರಿಕೆಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಆ ಧೈರ್ಯಕ್ಕೆ ಸಲ್ಲಬೇಕಾದ ಮೆಚ್ಚುಗೆ ಇಂದಿಗೂ ಸಂದಿಲ್ಲ. 1956ರ ಆಗಸ್ಟ್ 16ರಂದು ಲಾಸ್ ಏಂಜಲೀಸಿನಲ್ಲಿ ತಮ್ಮ 73ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಮನೆಯವರು ಡ್ರಾಕುಲಾನ ಮೇಲಂಗಿಯನ್ನು ಹೊದಿಸಿಯೇ ಅವರನ್ನು ಮಣ್ಣುಮಾಡಿದರು.

ಅವರ ರೂಪವನ್ನು ಮುದ್ರಿಸಿದ ಸರಕುಗಳಿಂದ ಯೂನಿವರ್ಸಲ್ ಗಳಿಸುತ್ತಿದ್ದ ಹಣದಲ್ಲಿ ತಮಗೂ ಹಕ್ಕಿದೆಯೆಂದು ಮಡದಿ ಮತ್ತು ಮಗ ಹೂಡಿದ ದಾವೆ ವರ್ಷಗಟ್ಟಲೆ ನಡೆದು, 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಆ ಹಕ್ಕು ನಟನ ಜೊತೆಗೇ ಅಳಿಯಿತೆಂದು ತೀರ್ಪಿತ್ತಿತು. ದಾವೆ ಇದ್ದದ್ದು ಮುಖದ ಕುರಿತು. ದನಿಯೋ, ಆ ಹೊತ್ತಿಗಾಗಲೇ ಊರೆಲ್ಲರ ಸೊತ್ತಾಗಿತ್ತು. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನಲ್ಲಿ 1970ರ ದಶಕದಿಂದ ಕಪ್ಪು ಮೇಲಂಗಿಯ ಒಂದು ಬೊಂಬೆ ಇದೆ. ಎಣಿಸುವುದೇ ಅದರ ಹುಚ್ಚು. ಲುಗೋಸಿ ಯಾರೆಂದು ಕೇಳಿಯೇ ಇರದ ಪುಟ್ಟ ಮಕ್ಕಳು ಆ ಬೊಂಬೆಯ ಜೊತೆ ಒಂದು, ಎರಡು, ಮೂರು ಎಂದು ಲುಗೋಶಿನ ಉಚ್ಚಾರಣೆಯಲ್ಲಿ ಎಣಿಸುತ್ತ ನಗುತ್ತಾರೆ.

ನಮಸ್ಕಾರ.